ಬುಧುವಿಗೊಂದು ಮೂಲೆ

ಎಲ್ಲ ತಾಪತ್ರಯ ಶುರುವಾದದ್ದು ತೋಡಿದ ಕುಣಿಯಲ್ಲಿ ನೀರು ಬಂದದ್ದರಿಂದ. ಕಾಲುವೆಗೆ ನೀರು ಬಿಟ್ಟರೆ ಸಿಂಧನೂರಿನ ಊರ ಸ್ಮಶಾನವೂ ಭತ್ತದ ಗದ್ದೆಯೇ. ಅಲ್ಲಿ ಹೆಣ ಹೂಳುವಂತಿಲ್ಲ, ನಾಟಿ ಮಾಡಬೇಕು.

ಹೆಣ ಬುಧುವಿನದು. ಒಡಿಶಾದಿಂದ ರೈಸ್‌ಮಿಲ್ಲಿಗೆ ದುಡಿಯಲು ಬಂದವನ ಮೇಲೆ ಮೂಟೆಗಳು ಕುಸಿದಿದ್ದವು. ಅವನ ಅಣ್ಣ ಫೋನಿನಲ್ಲಿ ಹೇಳಿದ್ದಿಷ್ಟೇ: ಊರಿಗೆ ತರಿಸಲು ನಮ್ಮಿಂದಾಗದು, ಅಲ್ಲೇ ಮಣ್ಣಿಗಿಡಿ, ಸುಡಬೇಡಿ. ಫೋನು ಹಿಡಿದಿದ್ದ ಶಿವಕಾಂತ ಒಪ್ಪಿಕೊಂಡಿದ್ದ. ವಲಸೆ ಕೂಲಿಗಳ ಹಕ್ಕಿಗಾಗಿ ಕಚೇರಿ ಅಲೆದೇ ತಲೆ ನೆರೆಸಿಕೊಂಡ ಸಮಾಜಸೇವಕನಿಗೆ ಆರಡಿ ನೆಲ ದೊಡ್ಡದೇ?

"ಸರ, ಮಧ್ಯಾಹ್ನ ಭತ್ತದ ಬಾಡಿಗಿ ಐತ್ರಿ. ಇವನ್ನ ಎಲ್ಲಿ ಇಳಸ್ಲಿ?" ಎಂದ ಗೂಡ್ಸ್ ಆಟೋದ ಲಾಲಪ್ಪ.

ಮೊದಲು ಖಬರಸ್ತಾನಕ್ಕೆ ಹೋದರು. ಅಲ್ಲಿ ಕುಣಿ ತೋಡುವ ಉಸ್ಮಾನ್‌ಸಾಬ್ ಹೆಣಕ್ಕೆ ಕೈಮುಗಿದ. "ನನ್ನ ಜಾಗಾನ ಕೊಡ್ತಿದ್ದೆ ಶಿವಕಾಂತಣ್ಣ. ಜಮಾತ್‌ದವ್ರು ಒಪ್ಪಂಗಿಲ್ಲ. ಸಲಿಕಿ ಬೇಕಾದ್ರ ಒಯ್ಯಿ."

ಸಲಿಕೆ ಸಿಕ್ಕಿತು. ನೆಲ ಸಿಗಲಿಲ್ಲ. ಉಳಿದ ಜಾಗಗಳಿಗೆಲ್ಲ ಒಬ್ಬೊಬ್ಬರ ಕುಲದ ಬೇಲಿಯಿತ್ತು. ಬಿಸಿಲು ಏರಿದಂತೆ ನೊಣಗಳು ಮದುವೆ ಮನೆಗೆ ಬೀಗರು ಬಂದಂತೆ ಬಂದವು.

ಕೊನೆಗೆ ಆಟೋ ಅಮರಗುಂಡಪ್ಪನ ಕಿರಾಣಿ ಅಂಗಡಿ ಮುಂದೆ ನಿಂತಿತು. ಶಿವಕಾಂತನ ಕುಲದವರಿಗೇ ಹಿರಿಯ ಆತ. ಕುಲದ ಸ್ಮಶಾನದ ಬೀಗದ ಕೈ ಆತನ ಬಳಿಯೇ ಇತ್ತು. ಗಿರಾಕಿಗಳು ಸಕ್ಕರೆ ಬಿಟ್ಟು ಹೆಣ ನೋಡಲು ಬಂದರು.

"ಯಾವ ದೇಶದಾವ್ರೀ? ಮೂಗು ನಮ್ಮ ಕಡೀದಲ್ಲ."

"ಬಾಂಗ್ಲಾದಾವ ಇರಬೇಕು. ಆಧಾರ್ ಐತೇನು?"

"ಸತ್ತಾವಗ ಆಧಾರ್ ಯಾಕಲೇ? ರೇಷನ್ ಒಯ್ತಾನೇನು?" ಎಂದ ಲಾಲಪ್ಪ.

ಶಿವಕಾಂತ ಮಾತಾಡಿದ. ಮೊದಲು ಹಕ್ಕು, ಆಮೇಲೆ ಶರಣರು, ಕೊನೆಗೆ ಬೇಡಿಕೆ. "ಸಾವ್ಕಾರ್ರ, ಇವ ಹೊತ್ತ ಅಕ್ಕಿ ನಾವೆಲ್ಲ ಉಂಡೀವಿ. ಮಣ್ಣರೆ ಕೊಡ್ರಿ."

ಅಮರಗುಂಡಪ್ಪ ಒಳಗೆ ಹೋಗಿ ಹಿರಿಯರಿಗೆಲ್ಲ ಫೋನು ಮಾಡಿ ಹೊರಬಂದ.

"ಆತ್ರಿ. ಬೇಲಿ ಮಗ್ಗಲ ಮೂಲ್ಯಾಗ ಹೊರಗಿನವ್ರಿಗಂತ ಒಂದು ಜಾಗ ತೆಗೆದಿಟ್ಟೀವಿ. ನಡೀರಿ."

ಬುಧು ಹೊತ್ತು ಮುಳುಗುವ ಮುನ್ನ ಮಣ್ಣು ಸೇರಿದ. ಆ ಕುಣಿಯಲ್ಲಿ ನೀರು ಬರಲಿಲ್ಲ. ಶಿವಕಾಂತನ ಕಣ್ಣಲ್ಲಿ ಬಂತು. ಇಷ್ಟು ವರ್ಷದ ತನ್ನ ಮಾತು ಈ ಊರಿಗೆ ಎಲ್ಲೋ ಇಳಿದಿದೆ. ಆತ ಅಮರಗುಂಡಪ್ಪನ ಕೈ ಹಿಡಿದುಕೊಂಡ.

"ಹೊರಗಿನವ್ರಿಗಂತ ಮೊದ್ಲ ಇಟ್ಟಿದ್ರಲ್ಲ, ದೊಡ್ಡ ಮನಸ್ಸು ಸಾವ್ಕಾರ್ರ. ಯಾರ ನೆಪ್ಪಾಗಿ ಇಟ್ರಿ?"

ಅಮರಗುಂಡಪ್ಪ ಕೈಯ ಮಣ್ಣು ಒರೆಸಿಕೊಂಡ. ಲಾಲಪ್ಪ ಬೇರೆ ಕಡೆ ನೋಡಿದ.

"ನಿಮ್ಮ ನೆಪ್ಪಾಗೇರಿ."

"ನಂದಾ?"

"ನೀವು ಮೂಲ ಹಟ್ಟಿ ಗಣಿ ಊರಾವ್ರು. ಬಂದು ಭಾಳ ವರ್ಷ ಆತು ಖರೆ. ಆದ್ರೂ ಹೊರಗಿನವ್ರ. ನಾಳಿ ಏನರೆ ಆದ್ರ ಅನಾಥ ಆಗಬಾರದಂತ ಹಿರ್ಯಾರು ಕೂಡಿ ಇಟ್ಟಿದ್ವಿ." ಗೇಟಿಗೆ ಬೀಗ ಹಾಕಿ ಆತ ಅಂತಃಕರಣದಿಂದ ಶಿವಕಾಂತನ ಹೆಗಲು ತಟ್ಟಿದ. "ಇನ್ನ ಮ್ಯಾಲೆ ಮೈ ಕಡೆ ಹುಷಾರ್ರಿ ಸರ. ಇದ್ದದ್ದು ಒಂದ ಜಾಗ."