ಗುಮ್ಮಣ್ಣನಿಗೆ ಗೊತ್ತಿದ್ದದ್ದು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಜೊತೆ ಕಾಲುಚೀಲ ಒಣಗದೆ ಇದ್ದದ್ದು. ಹಗ್ಗದ ಮೇಲೆ ನೇತಾಡುತ್ತಿದ್ದುದನ್ನು ಹಿಂಡಿ ನೋಡಿದರೆ ನೀರು ತೊಟ್ಟಿಕ್ಕಿತು. ಇನ್ನೊಂದು ಜೊತೆಯಲ್ಲಿ ಒಂದು ಎಲ್ಲೋ ತಲೆಮರೆಸಿಕೊಂಡಿತ್ತು. ಆಫೀಸಿಗೆ ಹೊತ್ತಾಗಿತ್ತು. ಅನುವಾದಕ ಮಹಾಶಯ ಬರಿಗಾಲನ್ನೇ ಬೂಟಿನೊಳಗೆ ತೂರಿಸಿ ಮೆಟ್ಟಿಲಿಳಿದ. ಬೇರೆ ಯಾರಾದರೂ ಹಾಗೆ ಹೋಗಿದ್ದರೆ ಕಾಲು ಬೆವರುತ್ತಿತ್ತು, ಅಷ್ಟೇ. ಆದರೆ ಈತ ಕೆಲಸ ಮಾಡುತ್ತಿದ್ದದ್ದು ವಾಣಿಜ್ಯ ಇಲಾಖೆಯಲ್ಲಿ.

ಆಗ ಊರಿನ ಬಾಯಲ್ಲೆಲ್ಲ ಒಂದೇ ಮಾತು: ದೂರದ ದೊಡ್ಡ ದೇಶವೊಂದರ ಜೊತೆ ಸರ್ಕಾರ ಮಾಡಿಕೊಳ್ಳಲಿದ್ದ ಮುಕ್ತ ವ್ಯಾಪಾರ ಒಪ್ಪಂದ. ಅದರಲ್ಲಿ ಏನಿದೆ ಎಂದು ಕೇಳಿದರೆ ಮಂತ್ರಿಗಳು 'ಬಹಳ ಒಳ್ಳೆಯದಿದೆ, ಆದರೆ ಹೇಳುವ ಹಾಗಿಲ್ಲ' ಎನ್ನುತ್ತಿದ್ದರು. ವಿರೋಧ ಪಕ್ಷದವರು 'ಬಹಳ ಕೆಟ್ಟದ್ದಿದೆ, ಆದರೆ ನಮಗೆ ತೋರಿಸಿಲ್ಲ' ಎನ್ನುತ್ತಿದ್ದರು. ಅದನ್ನು ಓದಿದವರು ಯಾರೂ ಇಲ್ಲದ್ದರಿಂದ ವಾದ ಮಾಡುವುದಕ್ಕೆ ಯಾರಿಗೂ ಅಡ್ಡಿ ಇರಲಿಲ್ಲ. ಆ ಬೀದಿಯಲ್ಲಿ ಒಪ್ಪಂದವನ್ನು ಕಣ್ಣಾರೆ ಕಂಡಿರಬಹುದಾದವನು ಈ ಅನುವಾದಕನೊಬ್ಬನೇ, ಅವನೋ ಬಾಯಿ ಬಿಡುವುದಿಲ್ಲವೆಂದು ಇಲಾಖೆಯಲ್ಲಿ ಪ್ರಮಾಣ ಮಾಡಿ ಬಂದಿದ್ದ. ಬೀದಿಯವರು ಅವನಿಗೆ ಗುಮ್ಮಣ್ಣ ಎಂದು ಹೆಸರಿಟ್ಟು, ಬಾಯಿಯ ಬದಲು ಅವನ ಕೈಕಾಲುಗಳನ್ನು ಗಮನಿಸತೊಡಗಿದರು. ಹೋದ ವಾರ ಅವನು ಸಕ್ಕರೆ ಸ್ವಲ್ಪ ಹೆಚ್ಚಿಗೆ ಕೊಂಡದ್ದೇ ತಡ, ಸಂಜೆಯೊಳಗೆ ಅಂಗಡಿಯಲ್ಲಿ ಸಕ್ಕರೆ ಖಾಲಿಯಾಗಿತ್ತು.

ನಿಜ ಹೇಳಬೇಕೆಂದರೆ ಗುಮ್ಮಣ್ಣನಿಗೆ ಏನೂ ಗೊತ್ತಿರಲಿಲ್ಲ. ಇಲಾಖೆಯವರು ಒಪ್ಪಂದವನ್ನು ತುಂಡುತುಂಡು ಮಾಡಿ ಒಬ್ಬೊಬ್ಬ ಅನುವಾದಕನಿಗೆ ಒಂದೊಂದು ತುಂಡು ಹಂಚಿದ್ದರು. ಇವನ ಪಾಲಿಗೆ ಬಂದದ್ದು ಕೊಡೆಯ ಹಿಡಿ. ಬಾಗಿದ ಹಿಡಿ ಎಂದರೆ ಯಾವುದು, ನೆಟ್ಟಗಿನ ಹಿಡಿ ಎಂದರೆ ಯಾವುದು, ಮರದ ಹಿಡಿ ಎನ್ನಿಸಿಕೊಳ್ಳಲು ಅದರಲ್ಲಿ ಎಷ್ಟು ಮರ ಇರಬೇಕು, ಇದನ್ನೇ ತಿಂಗಳುಗಟ್ಟಲೆ ತಿರುವಿಮುರುವಿ ಬರೆಯುತ್ತಿದ್ದ. ಕೊಡೆಯ ಬಟ್ಟೆ ಯಾರ ಪಾಲಿಗೆ ಹೋಗಿತ್ತೋ ಅದೂ ಅವನಿಗೆ ತಿಳಿಯದು.

ಮೆಟ್ಟಿಲ ಕೆಳಗೆ ಭಾವಮೈದ ಕಾದು ನಿಂತಿದ್ದ. ಕೆಳಮನೆಯಲ್ಲಿ ಅವನದೊಂದು ಪುಟ್ಟ ಕಾರ್ಖಾನೆ. ನಾಲ್ಕು ಹೆಣಿಗೆ ಯಂತ್ರಗಳು ಹಗಲೆಲ್ಲ ಗಡಗಡ ಎನ್ನುತ್ತ ಕಾಲುಚೀಲ ಹೆಣೆಯುತ್ತಿದ್ದವು. ಹಾಗಿದ್ದೂ ಭಾವನಿಗೆ ಸಿಗುತ್ತಿದ್ದದ್ದು ಅಳತೆ ತಪ್ಪಿ ಮಾರಾಟವಾಗದವು ಮಾತ್ರ.

"ಭಾವ, ಒಂದೇ ಒಂದು ಮಾತು. ಹೊರದೇಶದ ಕಾಲುಚೀಲ ಸುಂಕ ಇಲ್ದೆ ಬರುತ್ತೋ, ಇಲ್ವೋ? ಬರೋ ಹಾಗಿದ್ರೆ ನಾನು ಮುಳುಗಿದೆ. ಯಂತ್ರ ಕೊಳ್ಳೋನು ಸಂಜೆ ಲಾರಿ ತರ್ತಾನೆ. ಇವತ್ತು ಬಿಟ್ರೆ ಆಮೇಲೆ ಗುಜರಿ ಬೆಲೆಗೂ ಯಾರೂ ಕೇಳಲ್ಲ. ಬರಲ್ಲ ಅಂದ್ರೆ ಅವನನ್ನ ಹಾಗೇ ವಾಪಸ್ ಕಳಿಸ್ತೀನಿ."

"ನನಗೆ ಗೊತ್ತಿಲ್ಲ ಕಣೋ. ಗೊತ್ತಿದ್ರೂ ಹೇಳೋ ಹಾಗಿಲ್ಲ."

ಮೊದಲ ಮಾತಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಭಾವಮೈದನ ಕಿವಿಗೆ ಬಿದ್ದದ್ದು ಎರಡನೆಯದು ಮಾತ್ರ. ಅವನು ನಿಟ್ಟುಸಿರು ಬಿಟ್ಟು ತಲೆ ತಗ್ಗಿಸಿದ. ಕಣ್ಣು ನೇರ ಹೋಗಿ ಭಾವನ ಬೆತ್ತಲೆ ಕಾಲ ಹರಡಿನ ಮೇಲೆ ಕೂತಿತು.

"ಭಾವ... ಕಾಲುಚೀಲ ಎಲ್ಲಿ?"

"ಒಣಗಿಲ್ಲ."

"ಒಣಗಿಲ್ಲ! ಅರ್ಥ ಆಯ್ತು ಬಿಡಿ ಭಾವ. ನಮ್ಮ ಕಾಲುಚೀಲದ ಕಥೆ ಮುಗೀತು ಅಂತ ಬಾಯಲ್ಲಿ ಹೇಳೋ ಹಾಗಿಲ್ಲ, ಕಾಲಲ್ಲಿ ಹೇಳ್ತಿದೀರ."

ಎದುರಿನ ಕ್ಷೌರದ ಅಂಗಡಿಯವನು ಗಿರಾಕಿಯ ಗಲ್ಲಕ್ಕೆ ಅರ್ಧ ನೊರೆ ಹಚ್ಚಿ ಹಾಗೇ ಬಿಟ್ಟು ಬಾಗಿಲಿಗೆ ಬಂದಿದ್ದ. ಇನ್ನು ಬೀದಿಗೆ ಸುದ್ದಿ ಮುಟ್ಟಿಸಲು ಪತ್ರಿಕೆ ಬೇಕಿರಲಿಲ್ಲ.

ಮಧ್ಯಾಹ್ನ ಆಫೀಸಿಗೆ ಹೆಂಡತಿಯ ಫೋನು ಬಂತು. "ಏನ್ರೀ, ಊರಿಗೆಲ್ಲ ಕಾಲು ತೋರಿಸ್ಕೊಂಡು ಹೋಗಿದೀರ. ನನ್ನ ತಮ್ಮನಿಗೆ ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು? ಅವನು ಬೆಳಗಿಂದ ಊಟ ಬಿಟ್ಟು ಕೂತಿದಾನೆ. ಅಂಗಡಿಯವರು ಕೊಟ್ಟ ಆರ್ಡರೆಲ್ಲ ವಾಪಸ್ ತಗೊಂಡಿದಾರೆ."

"ಅಯ್ಯೋ, ನಿಜವಾಗ್ಲೂ ನನಗೆ..."

"ನನ್ನ ಹತ್ರಾನೂ ಗುಟ್ಟಾ? ಇಟ್ಕೊಳ್ಳಿ, ಇಟ್ಕೊಳ್ಳಿ."

ಫೋನು ಕಟ್ಟಾಯಿತು. ಆ ಭಾವಮೈದನೆಂದರೆ ಗುಮ್ಮಣ್ಣನಿಗೆ ಒಳಗೊಳಗೇ ಪ್ರೀತಿ. ಏನೂ ಇಲ್ಲದೆ ಶುರು ಮಾಡಿ, ಒಂದೊಂದೇ ಯಂತ್ರ ಕೂಡಿಸಿ, ಕೆಟ್ಟದ್ದನ್ನು ತಾನೇ ಬಿಚ್ಚಿ ಜೋಡಿಸಿ ನಡೆಸಿಕೊಂಡು ಬಂದವನು. ತನ್ನ ಹರಡಿನಿಂದಾಗಿ ಅವನ ಬಾಳು ಹಾಳಾಗಬಾರದೆಂದು ಅರ್ಧ ದಿನ ರಜೆ ಹಾಕಿ, ಸಿಕ್ಕ ಮೊದಲ ಅಂಗಡಿಯಲ್ಲಿ ಕಣ್ಣಿಗೆ ರಾಚುವಂಥ ಕೆಂಪು ಕಾಲುಚೀಲ ಕೊಂಡು ಅಲ್ಲೇ ಹಾಕಿಕೊಂಡ. ಪ್ಯಾಂಟನ್ನು ಎರಡು ಮಡಿಕೆ ಮೇಲೆತ್ತಿ ತನ್ನ ಬೀದಿಯ ನಡುಮಧ್ಯದಲ್ಲಿ ಮದುಮಗನ ಹಾಗೆ ನಡೆದು ಬಂದ.

ಕ್ಷೌರದವನು ಓಡಿ ಬಂದು ಅವನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಕಾಲುಚೀಲದ ಅಂಚು ಮಗುಚಿ, ಒಳಗೆ ಹೊಲಿದಿದ್ದ ಚೀಟಿ ಓದಿದ. ಅವನ ಮುಖ ಕಪ್ಪಿಟ್ಟಿತು.

"ಅಣ್ಣಾ, ಇದು ಆ ದೇಶದ್ದೇ ಮಾಲು! ಒಪ್ಪಂದ ಆಗೋಕೆ ಮುಂಚೇನೇ ನಿಮ್ಮ ಕಾಲಿಗೆ ಬಂದ್ಬಿಟ್ಟಿದೆ!"

"ಅಂಗಡಿಯಲ್ಲಿ ಅದೊಂದೇ ಬಣ್ಣ ಇತ್ತು" ಎಂದು ಗುಮ್ಮಣ್ಣ ತೊದಲಿದ. ಯಾರು ಕೇಳಬೇಕು? ಬೀದಿಯ ಕೊನೆಯ ಸಭಾಭವನದಲ್ಲಿ ಅದೇ ಹೊತ್ತಿಗೆ 'ಒಪ್ಪಂದ ಬೇಕೆ, ಬೇಡವೆ' ಎಂಬ ಬಹಿರಂಗ ಚರ್ಚೆ ನಡೆಯುತ್ತಿತ್ತು. ಕ್ಷೌರದವನು ಒಂದು ರಟ್ಟೆ, ಇನ್ಯಾರೋ ಇನ್ನೊಂದು ರಟ್ಟೆ ಹಿಡಿದು ಅವನನ್ನು ಅಲ್ಲಿಗೆ ಎಳೆದುಕೊಂಡು ಹೋದರು. ಅಧ್ಯಕ್ಷತೆ ವಹಿಸಿದ್ದ ನಿವೃತ್ತ ಮೇಷ್ಟ್ರು ಇವನನ್ನು ಕಂಡದ್ದೇ ಎದ್ದು ನಿಂತು ಮೈಕು ಕೈಗೆ ತುರುಕಿದರು.

"ಸ್ವಾಮೀ, ಬೇಕು ಅನ್ನೋರು ಇಪ್ಪತ್ತು ಜನ ಮಾತಾಡಿದ್ರು, ಬೇಡ ಅನ್ನೋರು ಇಪ್ಪತ್ತು ಜನ. ಏನು ಬೇಕು, ಏನು ಬೇಡ ಅಂತ ಒಬ್ಬನಿಗೂ ಗೊತ್ತಿಲ್ಲ. ನೀವು ಹೇಳದೆ ಇವತ್ತು ಬಾಗಿಲು ತೆಗೆಯೋದಿಲ್ಲ!"

ಮುಂದಿನ ಸಾಲಿನಲ್ಲಿ ಹೆಂಡತಿ ಕೂತಿದ್ದಳು. ಪಕ್ಕದಲ್ಲಿ ಬಾಡಿದ ಮುಖದ ತಮ್ಮ. ಗುಮ್ಮಣ್ಣನ ಸಹನೆಯ ಕಟ್ಟೆ ಒಡೆಯಿತು.

"ನನಗೆ ಏನೂ ಗೊತ್ತಿಲ್ರೀ! ಏನೂ! ಆರು ತಿಂಗಳಿಂದ ಕೊಡೆ ಹಿಡಿ ಒಂದನ್ನೇ ಬರೀತಿದೀನಿ! ಕೊಡೆ ಕೂಡ ಅಲ್ಲ, ಬರೀ ಹಿಡಿ!"

ಆ ದನಿಯಲ್ಲಿದ್ದ ದುಃಖ ಸುಳ್ಳು ಹೇಳುವವನದಲ್ಲ ಎಂಬುದು ಎಲ್ಲರಿಗೂ ತಿಳಿಯಿತು. "ಪಾಪ" ಎಂದು ಯಾರೋ ಲೊಚಗುಟ್ಟಿದರು. ಮೇಷ್ಟ್ರು ಮೈಕು ವಾಪಸು ಇಸಿದುಕೊಂಡರು. ಲಾರಿ ಬರುವ ಹೊತ್ತಾಯಿತೆಂದು ಭಾವಮೈದ ಅಕ್ಕನ ಜೊತೆ ಎದ್ದು ಮನೆಗೆ ಹೋದ.

ಸಭೆ ಕರಗುವ ಹೊತ್ತಿಗೆ ಹಿಂದಿನ ಸಾಲಿನಿಂದ, ತಲೆಗೆ ಶಾಲು ಸುತ್ತಿಕೊಂಡಿದ್ದ ಹೆಂಗಸೊಬ್ಬರು ಎದ್ದು ಗುಮ್ಮಣ್ಣನಿಗೆ ಬೆರಳಲ್ಲೇ ಸನ್ನೆ ಮಾಡಿದರು. ಅವನ ಇಲಾಖೆಯ ನಿರ್ದೇಶಕಿ! ಜನಾಭಿಪ್ರಾಯ ತಿಳಿಯಲು ಗುಟ್ಟಾಗಿ ಬಂದು ಕೂತಿದ್ದರು. ಹೊರಗೆ ನಿಲ್ಲಿಸಿದ್ದ ಕಾರಿನೊಳಗೆ ಅವನನ್ನು ಕೂರಿಸಿಕೊಂಡು ಗಾಜು ಏರಿಸಿದರು.

"ಮೇಡಂ, ಪ್ರಮಾಣ ಮುರಿದೆ, ತಪ್ಪಾಯ್ತು. ನಾಳೆನೇ ರಾಜೀನಾಮೆ ಕೊಡ್ತೀನಿ."

"ರಾಜೀನಾಮೆನಾ? ದಮ್ಮಯ್ಯ, ಆ ಕೆಲಸ ಮಾತ್ರ ಮಾಡ್ಬೇಡಿ. ಪತ್ರಿಕೆಯವರು ಯಾಕೆ ಏನು ಅಂತ ಕೆದಕ್ತಾರೆ." ನಿರ್ದೇಶಕಿ ಡ್ರೈವರನ್ನು ಕೆಳಗಿಳಿಸಿ ದನಿ ತಗ್ಗಿಸಿದರು. "ಒಪ್ಪಂದ ಹೋದ ತಿಂಗಳೇ ಮುರಿದು ಬಿತ್ತು. ಕಾಲುಚೀಲನೂ ಬರಲ್ಲ, ಕೊಡೆನೂ ಬರಲ್ಲ."

"ಮತ್ತೆ ನಾನು ನಿನ್ನೆ ಬರೆದದ್ದು?"

"ಅನುವಾದ ನಿಲ್ಲಿಸಿದ್ರೆ ಎಲ್ರಿಗೂ ಗೊತ್ತಾಗಿಬಿಡುತ್ತಲ್ಲ? ಮುರಿದದ್ದನ್ನ ಚುನಾವಣೆವರೆಗೆ ಯಾರೂ ಹೇಳಬಾರದು ಅಂತ ಆ ಕಡೆಯವರೂ ಈ ಕಡೆಯವರೂ ಸಹಿ ಹಾಕಿದಾರೆ. ಇಷ್ಟು ವರ್ಷ ಮಾತಾಡಿ ಇಬ್ಬರೂ ಒಪ್ಪಿದ್ದು ಅದೊಂದಕ್ಕೇ. ಈ ಮಾತು ಹೊರಗೆ ಹೋದ್ರೆ ನಿಮ್ಮ ಕೆಲಸ, ಪಿಂಚಣಿ ಎರಡೂ ಹೋಗುತ್ತೆ. ಪ್ರಮಾಣ ಮಾಡಿ."

ಗುಮ್ಮಣ್ಣ ಪ್ರಮಾಣ ಮಾಡಿದ. ಕಾರಿನಿಂದಿಳಿದವನೇ ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದ.

ಬಾಗಿಲಲ್ಲಿ ಲಾರಿ ನಿಂತಿತ್ತು. ಮೂರು ಯಂತ್ರ ಆಗಲೇ ಏರಿದ್ದವು. ಹೆಂಡತಿ ಎದುರಿಗೆ ಬಂದು ಅವನ ತೋಳು ಹಿಡಿದುಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು.

"ನನ್ನದು ತಪ್ಪಾಯ್ತು ಕಣ್ರೀ. ನೀವು ಗುಟ್ಟು ಮಾಡ್ತೀರ ಅಂತ ಸುಮ್ನೆ ಬೈದೆ. ನಿಮಗೆ ನಿಜವಾಗ್ಲೂ ಏನೂ ಗೊತ್ತಿರ್ಲಿಲ್ಲ."

"ಮಾರಬೇಡ!" ಗುಮ್ಮಣ್ಣ ಏದುಸಿರು ಬಿಡುತ್ತ ಭಾವಮೈದನ ಎರಡೂ ಭುಜ ಹಿಡಿದ. "ನನ್ನ ಮಾತು ಕೇಳು. ಯಂತ್ರ ಮಾರಬೇಡ!"

"ಯಾಕೆ ಭಾವ?"

ಬಾಯಿ ತೆರೆಯಿತು. ಕೆಲಸ ನೆನಪಾಯಿತು, ಪಿಂಚಣಿ ನೆನಪಾಯಿತು. "ಯಾಕೆ ಅಂತ ಕೇಳಬೇಡ. ಬೇಡ ಅಂದ್ರೆ ಬೇಡ."

ಭಾವಮೈದ ಅಕ್ಕರೆಯಿಂದ ನಕ್ಕ. ಬೆಳಗಿನಿಂದ ಮೊದಲ ಸಲ ನಕ್ಕದ್ದು. "ನಿಮ್ಮ ಮನಸ್ಸು ದೊಡ್ಡದು ಭಾವ, ನನಗೆ ಗೊತ್ತು. ಆದರೆ ಬೇಜಾರು ಮಾಡ್ಕೋಬೇಡಿ, ಇದ್ದ ಆರ್ಡರೂ ಹೋಗಿದೆ, ಏನೂ ಗೊತ್ತಿಲ್ಲದವರ ಮಾತು ಕಟ್ಕೊಂಡು ವ್ಯಾಪಾರ ಮಾಡೋಕಾಗುತ್ತಾ?"

"ಹೌದ್ರೀ, ಪಾಪ ಅವನ ಪಾಡಿಗೆ ಅವನನ್ನ ಬಿಡಿ" ಎಂದಳು ಹೆಂಡತಿ, ಬೆನ್ನು ಸವರುತ್ತ.

ಒಳಗಿಂದ ಲಾರಿಯವನು ಕೂಗಿದ, ಕೊನೆಯ ಯಂತ್ರ ಭಾರ, ಇನ್ನೊಬ್ಬರು ಬೇಕು ಎಂದು.

"ಭಾವ, ಸ್ವಲ್ಪ ಆ ಕಡೆ ಹಿಡೀತೀರಾ?"

ಗುಮ್ಮಣ್ಣ ತೋಳು ಮಡಿಚಿ, ಬಗ್ಗಿ, ಹಿಡಿದ.