ಹಾಡಿನ ಪೆಟ್ಟಿಗೆಗೆ ಬೇವಿನ ಸಿಂಹಾಸನ

ಊರೂರು ತಿರುಗಿ ಬುದ್ಧಿ ಹೇಳುವುದೇ ಹೊಟ್ಟೆಪಾಡಾದವರ ಮನೆಯಲ್ಲಿ ಆ ಬುದ್ಧಿಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಹಿರಿಯೂರಿನ ಗ್ರಾಮಸೇವಕ ಕಾಟಲಿಂಗಪ್ಪನ ಮನೆ ಹೊಕ್ಕವರು ಯಾರೂ ಈ ಮಾತನ್ನು ಅಲ್ಲಗಳೆಯುತ್ತಿರಲಿಲ್ಲ.

ಕಾಟಲಿಂಗಪ್ಪನ ಉದ್ಯೋಗ ಹೀಗಿತ್ತು: ಸೈಕಲ್ಲಿಗೆ ಬಣ್ಣದ ಚಿತ್ರಪಟಗಳ ಸುರುಳಿ ಕಟ್ಟಿಕೊಂಡು ಹಳ್ಳಿಗೆ ಹೋಗುವುದು, ಮರದ ಕೊಂಬೆಗೆ ಪಟ ನೇತುಹಾಕುವುದು, ಇಲಿಯ ಚಿತ್ರದ ಮೂತಿಗೆ ಕೋಲಿನಿಂದ ಕುಟ್ಟಿ ಗರ್ಜಿಸುವುದು. "ಕಾಳಿನ ಚೀಲ ನೆಲದ ಮೇಲಿಡಬೇಡಿ! ಹಲಗೆಯ ಮೇಲಿಡಿ, ಗೋಡೆಯಿಂದ ಒಂದು ಗೇಣು ದೂರ ಇಡಿ. ನೆಲದ ಮೇಲಿರುವ ಕಾಳು ನಿಮ್ಮದಲ್ಲ, ಇಲಿಯದು!"

ಜನ ತಲೆದೂಗುತ್ತಿದ್ದರು. ಅದೇ ಹೊತ್ತಿಗೆ ಅವನ ಸ್ವಂತ ಮನೆಯ ಹಿತ್ತಿಲ ಕೋಣೆಯಲ್ಲಿ, ನೆಲದ ಮೇಲೆ ಗೋಡೆಗೊರಗಿ ಕೂತ ರಾಗಿ ಚೀಲಗಳಲ್ಲಿ, ಇಲಿಗಳು ಸಕುಟುಂಬ ಸಪರಿವಾರ ಸಮೇತ ಸುಗ್ಗಿ ಆಚರಿಸುತ್ತಿದ್ದವು. ಹೆಂಡತಿ ಚಂದ್ರಕ್ಕ ದಿನಾ ಬೆಳಿಗ್ಗೆ ಮೊರ ಹಿಡಿದು ರಾಗಿಯಿಂದ ಇಲಿ ಹಿಕ್ಕೆ ಆರಿಸುತ್ತಿದ್ದಳು. ಈ ದೃಶ್ಯದ ಪಟವನ್ನು ಮಾತ್ರ ಇಲಾಖೆಯವರು ಅಚ್ಚು ಹಾಕಿಸಿರಲಿಲ್ಲ.

ಅವಳ ಗೋಳು ನೋಡಲಾರದೆ ತುರುವನೂರಿನ ಅವಳಪ್ಪ, ಗಾಳಿಗೆ ಉರುಳಿದ ಬೇವಿನ ಮರವನ್ನು ಕೊಯ್ಸಿ ಗಾಡಿ ತುಂಬ ಹಲಗೆ ಕಳಿಸಿದ. ಮಗಳ ಕಾಳಿಗೊಂದು ಸ್ಟ್ಯಾಂಡು ಆಗಲಿ ಅಂತ. ಚಂದ್ರಕ್ಕ ಆ ಹಲಗೆಗಳಿಗೆ ಅರಿಶಿನ ಹಚ್ಚಿ ಒಳಗಿಟ್ಟುಕೊಂಡಳು.

ಅದೇ ವಾರ ಕಾಟಲಿಂಗಪ್ಪ ಚಿತ್ರದುರ್ಗದ ಮೈಕ್‌ಸೆಟ್ ಅಂಗಡಿಯಿಂದ ಗ್ರಾಮಫೋನ್ ಪ್ಲೇಟು ಹಾಡಿಸುವ ಒಂದು ಯಂತ್ರ, ಒಂದು ಆಂಪ್ಲಿಫೈಯರು, ಎರಡು ಸ್ಪೀಕರ್ ಡಬ್ಬ ಹೊತ್ತುಕೊಂಡು ಬಸ್ಸಿಳಿದ. ಬಿ.ಡಿ.ಓ. ಸಾಹೇಬರ ಮನೆಯಲ್ಲಿ ಇಂಥದ್ದೇ ಸರಂಜಾಮು ತೇಗದ ಸ್ಟ್ಯಾಂಡಿನ ಮೇಲೆ ವಿರಾಜಮಾನವಾಗಿದ್ದನ್ನು ಕಂಡ ದಿನದಿಂದ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ. (ಸಂಗೀತದ ಹಸಿವು ಅಂತ ಅವನು ಹೇಳುತ್ತಿದ್ದ. ಸಾಹೇಬರ ಮನೆಯಲ್ಲಿ ಯಾವ ಹಾಡು ಕೇಳಿದೆ ಅಂದರೆ ಅವನಿಗೆ ನೆನಪಿರಲಿಲ್ಲ. ಸ್ಟ್ಯಾಂಡಿನ ಪಾಲಿಶು ನೆನಪಿತ್ತು.)

ಮರುದಿನ ಬಡಗಿ ಬಂದ.

"ಏನ್ರಿ, ಅವ್ನು ನಮ್ಮಪ್ಪನ ಹಲಗೆ ಅಳೀತಾವ್ನೆ. ಕಾಳಿನ ಸ್ಟ್ಯಾಂಡಿಗೇನು?" ಚಂದ್ರಕ್ಕ ಕೇಳಿದಳು.

"ಮೊದ್ಲು ಹಾಡಿನ ಪೆಟ್ಟಿಗೇದು ಆಗ್ಲಿ ತಡಿಯೇ. ಉಳಿದಿದ್ರಾಗೆ ನಿಂದು."

"ಉಳಿಯಾದು ಅಂದ್ರೆ ಗರಗಸದ ಪುಡೀನಾ?"

"ಸಂಗೀತ ಅಂದ್ರೆ ಏನು ಅಂತ ನಿನಗೇನ್ ಗೊತ್ತೈತೆ?"

"ದಿನಾ ರಾತ್ರಿ ಚೀಲದಾಗೆ ಕೇಳ್ತೀನಲ್ರಿ, ಕಿಚಿಕಿಚಿ ಅಂತ."

ಹೊಸ್ತಿಲಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ತಾಯಿ ಮುದ್ದಕ್ಕ ನಡುವೆ ಬಾಯಿ ಹಾಕಿದಳು. "ಲೇ ಕಾಟ, ನಮ್ಮಪ್ಪ ಕುರಿ ಹಿಂದೆ ಹೋಗೋವಾಗ ಕೊಳಲು ಊದ್ತಿದ್ದ. ಊದಾದು ಮುಗಿದ್ರೆ ಸೊಂಟಕ್ಕೆ ಸಿಗಿಸ್ಕಳ್ತಿದ್ದ. ಅದಕ್ಕೇನು ಮಂಚ ಮಾಡಿಸಿರ್ಲಿಲ್ಲ ಕಣಪ್ಪ."

ಸ್ಟ್ಯಾಂಡು ಎದ್ದಿತು. ಎದೆಮಟ್ಟದ ಎತ್ತರ, ಫಳಫಳ ವಾರ್ನಿಶು. ವೈರುಗಳು ಹಾಯಲೆಂದು ಗೋಡೆಯಿಂದ ಒಂದು ಗೇಣು ದೂರ ಅದನ್ನು ನಡುಮನೆಯಲ್ಲಿ ಪ್ರತಿಷ್ಠಾಪಿಸಲಾಯಿತು. ನೆತ್ತಿಯ ಮೇಲೆ ಪ್ಲೇಟಿನ ಯಂತ್ರ, ನಡುವೆ ಆಂಪ್ಲಿಫೈಯರು, ಕೆಳಗೆ ದ್ವಾರಪಾಲಕರಂತೆ ಎರಡು ಸ್ಪೀಕರು. ಉಳಿದಿದ್ದು ಗರಗಸದ ಪುಡಿಯೇ. ಅನ್ನ ಬೇಯಿಸುವವಳ ಕಾಳು ನೆಲದಲ್ಲೇ ಇದ್ದು, ಹಾಡುವ ತಗಡಿಗೆ ಸಿಂಹಾಸನ ಬಂದಿತು. ನಾಗರಿಕತೆ ಬೆಳೆಯುವ ಕ್ರಮವೇ ಹಾಗೆ.

ಕಾಟಲಿಂಗಪ್ಪ ಭಕ್ತಿಯಿಂದ ಪ್ಲೇಟಿನ ಮೇಲೆ ಮುಳ್ಳು ಇಳಿಸಿ ಆಂಪ್ಲಿಫೈಯರಿನ ಕಿವಿ ತಿರುವಿದ. ಗಾಯಕಿ ಎರಡು ಅಕ್ಷರ ಹಾಡಿದಳು. ಆಮೇಲೆ ಎಲ್ಲಿಂದಲೋ "ಗೂಂ..." ಎಂದು ಒಂದು ಗುಟುರು ಹೊರಟು, ಬೆಳೆದು, ಅಡುಗೆಮನೆಯ ತಟ್ಟೆಗಳನ್ನು ಅಲುಗಿಸಿತು. ಮುಳ್ಳು ಪಲ್ಲವಿಯಿಂದ ನೆಗೆದು ಚರಣ ದಾಟಿ ಹಾಡಿನ ಆಚೆ ದಡಕ್ಕೆ ಬಿತ್ತು. ಎದುರು ಮನೆಯವರು ಬಾಗಿಲಿಗೆ ಲಾರಿ ಬಂತೆಂದು ಹೊರಬಂದು ನೋಡಿದರು.

ಮತ್ತೆ ಬಸ್ಸು, ಮತ್ತೆ ಚಿತ್ರದುರ್ಗ. ಮೈಕ್‌ಸೆಟ್ಟಿನವನು ನಕ್ಕ. "ಡಬ್ಬ ಕೂಗಿದ್ರೆ ಹಲಗೆ ನಡುಗ್ತೈತೆ, ಹಲಗೆ ನಡುಗಿದ್ರೆ ಮುಳ್ಳು ನಡುಗ್ತೈತೆ, ಮುಳ್ಳು ನಡುಗಿದ್ರೆ ಡಬ್ಬ ಇನ್ನೂ ಕೂಗ್ತೈತೆ. ಸ್ಟ್ಯಾಂಡಿಗೆ ಭಾರ ಹೇರ್ರಿ." (ಕಚೇರಿಗಳಲ್ಲಿ ಮೇಲಿನವನು ಕೂಗಿದಷ್ಟೂ ಕೆಳಗಿನವನು ನಡುಗುವುದು, ಕೆಳಗಿನವನು ನಡುಗಿದಷ್ಟೂ ಮೇಲಿನವನು ಕೂಗುವುದು ಇದೇ ವಿದ್ಯೆಯಿಂದ. ಅಲ್ಲಿ ಭಾರ ಹೇರುವವರು ಯಾರೂ ಇಲ್ಲ.)

ಬಂದವನೇ ಕೇಳಿದ: "ಲೇ, ಮನೆಯಾಗೆ ಭಾರ ಇರಾದು ಏನೈತೆ?"

"ರಾಗಿ ಐತೆ," ಅಂದಳು ಚಂದ್ರಕ್ಕ, ಬಹಳ ಮೆಲ್ಲಗೆ.

ಮದುವೆಯಾದಾಗಿನಿಂದ ಒಂದು ಕೊಡ ನೀರೆತ್ತದ ಮಹಾಶಯ ರಾಗಿ ಚೀಲ ಬೆನ್ನಿಗೆ ಹಾಕಿಕೊಂಡು ಬಂದು ಕೆಳಗಿನ ಹಲಗೆಗೆ ಕೆಡವಿದ. ಸ್ಪೀಕರುಗಳಿಗೆ ಜಾಗ ಸಾಲದೆ ಅವು ನೆಲಕ್ಕಿಳಿದವು. ಗುಟುರು ಅರ್ಧಕ್ಕರ್ಧ ಇಳಿಯಿತು!

"ಇನ್ನೇನೈತೆ?"

"ಸಜ್ಜೆ ಐತೆ, ನವಣೆ ಐತೆ, ಹುರುಳಿ ಐತೆ. ಎಲ್ಲಾ ಭಾರಾನೆ."

ನಡುವಿನ ಹಲಗೆ ತುಂಬಿತು, ಆಂಪ್ಲಿಫೈಯರು ಇಳಿಯಿತು. ಇನ್ನೂ ಸಣ್ಣಗೆ ಗುಂಯ್ ಅನ್ನುತ್ತಿತ್ತು.

"ಮ್ಯಾಲಿನ ಹಲಗೆ ಹಗುರ ಐತಲ್ರಿ. ಶೇಂಗಾ ಚೀಲ ಇಟ್ಟು ನೋಡಿ," ಎಂದಳು ಸಾಧ್ವಿ.

ಮುದ್ದಕ್ಕ ತನ್ನ ಕರಿ ಕಂಬಳಿಯನ್ನು ಮಡಚಿ ನೆಲಕ್ಕೆ ಹಾಸಿದಳು. ಸ್ವಲ್ಪ ಹೊತ್ತಿಗೆಂದು ಯಂತ್ರ ಅದರ ಮೇಲೆ ಕೂತಿತು. ಶೇಂಗಾ ಚೀಲ ಸ್ಟ್ಯಾಂಡಿನ ನೆತ್ತಿಗೇರಿತು. ಮುಳ್ಳಿಟ್ಟರೆ ಆಹಾ, ಗಾಯಕಿಯ ಉಸಿರು ಕೂಡ ಕೇಳಿಸುತ್ತಿದೆ!

"ನೋಡಿದ್ಯಾ! ಭಾರ ಹೇರಿದ್ದಕ್ಕೆ ಎಂಥಾ ಇಂಪು!" ಕಾಟಲಿಂಗಪ್ಪ ಕುಣಿದ.

"ಪೆಟ್ಟಿಗೆ ಕಂಬಳಿ ಮ್ಯಾಲೈತೆ, ಭಾರ ಹಲಗೆ ಮ್ಯಾಲೈತೆ," ಎಂದಳು ಮುದ್ದಕ್ಕ. "ಯಾವುದಕ್ಕೆ ಯಾವುದು ಇಂಪಾತೋ ನನಗಂತೂ ತಿಳೀಲಿಲ್ಲ."

ಅವನಿಗೆ ತಿಳಿಯಿತು. ಮುಖ ಸಣ್ಣಗಾಯಿತು. ಆದರೆ ಭಾನುವಾರ ಸಾಹೇಬರನ್ನು ಹಾಡು ಕೇಳಲು ಕರೆದುಬಿಟ್ಟಿದ್ದ. ಹಾಡು ಗೂಂ ಅಂದರೂ ಚಿಂತೆಯಿಲ್ಲ, ಯಂತ್ರ ಸ್ಟ್ಯಾಂಡಿನ ಮೇಲೇ ಕಾಣಬೇಕು.

"ಈ ಚೀಲ ಎಲ್ಲಾ ಇಳಿಸ್ಬಿಡೇ," ಎಂದ ಭಾನುವಾರ ಬೆಳಿಗ್ಗೆ.

"ಇಳಿಸಿ ಎಲ್ಲಿಡ್ಲಿ? ಊರಿಗೆಲ್ಲ ಹೇಳ್ತೀರಲ್ಲ, ನೆಲದ ಮ್ಯಾಲಿಡಬ್ಯಾಡಿ ಅಂತ, ಎಲ್ಲಿಡ್ಲಿ ಹೇಳ್ರಿ."

ಕಾಟಲಿಂಗಪ್ಪ ತಾನೇ ಶೇಂಗಾ ಚೀಲ ತಬ್ಬಿ ಎತ್ತಿದ. ಸರಿಯಾಗಿ ಆಗಲೇ ಜೀಪು ನಿಂತು, ಸಾಹೇಬರು ಒಳಗೆ ಬಂದರು. ಎದುರಿಗೆ ಕಂಡಿದ್ದು, ಬೆವರಿನಲ್ಲಿ ಮಿಂದು, ಚೀಲ ಹೊತ್ತು, ಸ್ಟ್ಯಾಂಡಿನ ಮುಂದೆ ನಿಂತ ಗ್ರಾಮಸೇವಕ.

"ಭೇಷ್!" ಎಂದರು ಸಾಹೇಬರು. "ನೀವೇ ಕೈಯಾರೆ ಏರಿಸ್ತಾ ಇದೀರಾ?"

ಕಾಟಲಿಂಗಪ್ಪ ಚೀಲವನ್ನು ನೋಡಿದ, ಸಾಹೇಬರನ್ನು ನೋಡಿದ. "ಹೌದು ಸಾರ್," ಎಂದು ಮತ್ತೆ ಮೇಲೇರಿಸಿದ.

"ಬೇವಿನ ಹಲಗೆ! ಗೋಡೆಯಿಂದ ಗೇಣು ದೂರ! ಅದೂ ನಡುಮನೆಯಲ್ಲಿ! ಭಾಷಣ ಮಾಡೋರನ್ನ ದಿನಾ ನೋಡ್ತೀನಿ ಕಣ್ರಿ, ಮನೇಲಿ ಮಾಡಿ ತೋರಿಸೋರನ್ನ ಇವತ್ತು ನೋಡಿದೆ. ಇನ್ನು ಪಟ ಗಿಟ ಬೇಡ. ಹಳ್ಳಿ ಹೆಣ್ಣುಮಕ್ಕಳನ್ನ ಇಲ್ಲಿಗೇ ಕರ್ಕೊಂಡು ಬಂದು ತೋರಿಸಿ. ಒಂದು ಚೀಲಾನೂ ಅಲ್ಲಾಡಬಾರದು, ನಾನು ಬಂದು ನೋಡ್ತಿರ್ತೀನಿ." ಹಾಡಿನ ವಿಷಯ ಸಾಹೇಬರಿಗೆ ನೆನಪಾಗಲೇ ಇಲ್ಲ.

ಅಂದಿನಿಂದ ವಾರವಾರ ಟ್ರ್ಯಾಕ್ಟರುಗಳಲ್ಲಿ ಹೆಂಗಸರು ಬಂದಿಳಿಯತೊಡಗಿದರು. ಚಂದ್ರಕ್ಕ ಕಾಲಿಗೆ ನೀರು ಕೊಟ್ಟು "ಬರ್ರಿ, ಕುಂತ್ಕಳ್ರಿ" ಅನ್ನುವಳು. ಕಾಟಲಿಂಗಪ್ಪ ತನ್ನದೇ ಸಿಂಹಾಸನಕ್ಕೆ ಕೋಲು ತೋರಿಸಿ ಮಾವನ ಮನೆಯ ಹಲಗೆಯ ಗುಣಗಾನ ಮಾಡುವನು. ಯಂತ್ರ ಕಂಬಳಿಯ ಮೇಲೆ ಮೂಲೆ ಸೇರಿತ್ತು. ಬಬ್ಬೂರಿನವರು ಬಂದ ವಾರ ಅದು ಹಿಂದಿನ ದಿನದಿಂದ ಹಾಡಲು ಬಾಯಿಯನ್ನೇ ಬಿಟ್ಟಿರಲಿಲ್ಲ.

"ನೆಲದ ಮೇಲಿರುವುದು ನಿಮ್ಮದಲ್ಲ, ಇಲಿಯದು!" ಎಂದು ಅವನು ಗರ್ಜಿಸಿದಾಗ, ಬಬ್ಬೂರಿನಿಂದ ಬಂದಿದ್ದ ಓಬಕ್ಕ ಎಂಬಾಕೆ ಮೂಲೆಯತ್ತ ಕೈ ತೋರಿಸಿದಳು.

"ಹಂಗಾರೆ ಸ್ವಾಮಿ, ಆ ಹಾಡೋ ಪೆಟ್ಟಿಗೆ ಯಾರ್ದು?"

ಒಳಗಿನಿಂದ ಚಂದ್ರಕ್ಕನ ದನಿ ತೇಲಿ ಬಂತು:

"ಅದೂ ಇಲೀದೇ ಕಣಕ್ಕ. ರಾಗಿ ಸಿಗ್ದೆ ಪಾಪ, ನಿನ್ನೆಯಿಂದ ವೈರು ತಿಂತಾವೆ."