ಕಣ್ಣು ತೆರೆದ ಅನ್ನಮ್ಮ

ನನ್ನ ಒಂಟಿತನವನ್ನು ಉಳಿಯಿಂದ ಕೆತ್ತಿ ಬಿಸಾಡುತ್ತೇನೆಂದು ನಾನು ಘೋಷಿಸಿದಾಗ ಕೇಳಲು ಮನೆಯಲ್ಲಿದ್ದದ್ದು ಒಂದು ಹಲ್ಲಿ ಮಾತ್ರ! ಹೆಂಡತಿ ಅನ್ನಮ್ಮ, "ಕಚೇರ್ಯಾಗ ಉರ್ದು, ಮನ್ಯಾಗ ಮೂಕ! ಗ್ವಾಡಿ ಜೋಡಿ ಎಷ್ಟು ದಿನ ಬಾಳ್ವಿ ಮಾಡ್ಲಿರಿ?" ಎಂದು ಅಳವಂಡಿಯ ತವರಿಗೆ ಹೋಗಿದ್ದಳು. ಉರ್ದುವಿನಲ್ಲೇ ವ್ಯವಹರಿಸುವ ಕೊಪ್ಪಳದ ಜಾಗೀರು ಕಚೇರಿಯ ಗುಮಾಸ್ತನಾದ ನಾನು ಸಂಜೆಯಾದರೆ ಮನೆಯ ಬೀಗ ತೆಗೆಯಲೂ ಅಂಜುತ್ತಿದ್ದೆ.

"ಕೈಗೊಂದು ಹುನ್ನರ, ಕಸಬು ಹಚ್ರಿ, ದಿಲ್ ಹಗೂರ ಆಗ್ತೈತಿ," ಎಂದ ಕಚೇರಿಯ ಜೊತೆಗಾರ ಉಮರಸಾಬ.

ಸರಿ! ಗೊಂಬೆಗಳ ಊರಾದ ಕಿನ್ನಾಳದಿಂದ ಹಗುರ ಕಟ್ಟಿಗೆ, ಬಣ್ಣ ತಂದೆ. ಹುಣಸೆಬೀಜದ ಅಂಟು ಕುದಿಸಿದೆ. ಅನ್ನಮ್ಮನ ಗೊಂಬೆ ಮಾಡುವ ಮಹಾಸಂಕಲ್ಪ! ಮೂಗು ಕೆತ್ತಹೋದರೆ ಕಿವಿ ಹಾರಿತು. ಗೋಧಿಬಣ್ಣ ಕಲಸಹೋದರೆ ಮುಖ ಕೆಂಡವಾಯಿತು. ಅವಳ ಗದ್ದದ ಮಚ್ಚೆ ಮಾತ್ರ ಸರಿಯಾದ ಜಾಗದಲ್ಲೇ ಕೂತಿತು. ಕೆತ್ತುತ್ತ ಕೆತ್ತುತ್ತ ನಾನು ಮಾತಾಡತೊಡಗಿದೆ! ಸಾಹೇಬರ ಬೈಗುಳ, ಸೀದ ರೊಟ್ಟಿ, ಖಾಲಿ ಮನೆಯ ದಿಗಿಲು, ಎಲ್ಲವನ್ನೂ ಆ ಕಟ್ಟಿಗೆಗೆ ಹೇಳಿದೆ. ಮನಸ್ಸು ನಿಜಕ್ಕೂ ಹಗುರಾಯಿತು.

ಕಡೆಗೆ ಕಣ್ಣು ಬರೆದು, ಒಣಗಲೆಂದು ಹೊರಗಿನ ಕಟ್ಟೆಯ ಮೇಲಿಟ್ಟೆ. ಪಕ್ಕದ ಮನೆಯ ಯಮನೂರಮ್ಮ ನೋಡಿದವಳೇ ಕೊಡ ಇಳಿಸಿ ಕೈಮುಗಿದಳು.

"ಯವ್ವಾ! ಕೆಂಪು ಮಾರಿ, ದೊಡ್ಡ ಕಣ್ಣು! ದ್ಯಾಮವ್ವ ಬಂದಾಳ!"

"ಬರೀ ಗೊಂಬಿ ಐತ್ರಿ..."

"ಕಣ್ಣು ಬರದ ಮ್ಯಾಲ ಎಲ್ಲೀ ಗೊಂಬಿ? ಬಾಯಿ ಬಿಗಿ ಹಿಡೀರಿ!"

'ಇದು ನನ್ನ ಹೆಂಡತಿ' ಎನ್ನಲು ನಾಚಿಕೆಯಾಯಿತು. ಸಂಜೆಯೊಳಗೆ ಇಡೀ ಓಣಿ ನಮ್ಮ ಕಟ್ಟೆಗೆ ಬಂತು. ಕಾಯಿ, ಕುಂಕುಮ, ಉಡಿ! ಸುದ್ದಿ ಅಳವಂಡಿಗೂ ಮುಟ್ಟಿ, ಕೆಲವೇ ದಿನಗಳಲ್ಲಿ ಸಾಕ್ಷಾತ್ ಅನ್ನಮ್ಮನೇ ಬಂದಿಳಿದಳು! ನನ್ನೆದೆ ಕುಣಿಯಿತು. ಆಕೆ ಮಾತ್ರ ನನ್ನತ್ತ ನೋಡದೆ ದೇವಿಯ ಮುಂದೆ ಕುಳಿತಳು.

"ತಾಯೀ, ನನ್ನ ಗಂಡನ ಬಾಯಿ ಬಿಡಸವ್ವಾ. ಹೊಳ್ಳಿ ಬಂದು ಬಾಳ್ವಿ ಮಾಡ್ತೀನಿ."

ತಲೆಯೆತ್ತಿದವಳು ಮಚ್ಚೆ ಕಂಡಳು. ತನ್ನ ಗದ್ದ ಮುಟ್ಟಿಕೊಂಡು ಪಿಸುಗುಟ್ಟಿದಳು.

"ಇದು ನಾನ ಏನ್ರಿ?"

"ಹೂಂ."

ಅಷ್ಟರಲ್ಲಿ ಯಮನೂರಮ್ಮ ಭಕ್ತಿಯಿಂದ ಹೇಳಿದಳು: "ನಿನ್ನ ಗಂಡಗ ದೇವಿ ಒಲಿದಾಳವ್ವ! ದಿನಾ ಸಂಜಿಕ ಆಕಿ ಜೋಡಿ ಮಾತಾಡ್ತಾರ, ಅಳ್ತಾರ. ಗ್ವಾಡಿ ಆಚಿಂದ ಎಲ್ಲಾ ಕೇಳೇನಿ!"

ಅನ್ನಮ್ಮನ ಕಣ್ಣು ತುಂಬಿದವು. "ನನಗೇನು ಹೇಳ್ತೀರಿ?"

ನೀನಿಲ್ಲದೆ ಮನೆ ತಿನ್ನಲು ಬರುತ್ತದೆ ಎನ್ನಬೇಕಿತ್ತು. ನಾಲಿಗೆ ಹೊರಳಿಸಿದೆ.

"ಊಟ ಆತೇನು?"

"ಕಟ್ಟಿಗಿ ಮುಂದ ಎಲ್ಲಾ ಹೇಳಿ, ನನಗ ಊಟ ಕೇಳ್ತೀರಿ!" ಎಂದವಳೇ ಬಂದ ಬಂಡಿಯನ್ನೇ ಹತ್ತಿದಳು.

ಮರುದಿನ ಓಣಿಯವರು ದೇವಿಯನ್ನೂ ಬೇವಿನ ಕಟ್ಟೆಗೆ ಒಯ್ದರು. ಈಗ ಹೆಂಡತಿಯೊಡನೆ ಎರಡು ಮಾತಾಡಲು ನಾನು ಕಾಯಿ ಹಿಡಿದು ಸರದಿಯಲ್ಲಿ ನಿಲ್ಲುತ್ತೇನೆ. ಬಾಯಿ ತೆರೆದೆನೋ ಇಲ್ಲವೋ, ಯಮನೂರಮ್ಮ ಗದರುತ್ತಾಳೆ:

"ಲಗೂನ ಮುಗಸ್ರಿ, ಹಿಂದ ಭಾಳ ಮಂದಿ ಅದಾರ!"